ಕೇಸ್ ಶೀಟಿನ ಮೂಲೆಯ ಮೂರು ತಾರೀಕು

ಮಳೆಗಾಲದಲ್ಲಿ ಉಡುಪಿ, ಮಂಗಳೂರಿನ ಕ್ಯಾಶುವಾಲ್ಟಿಗೆ ಜ್ವರದ ಜೊತೆ ದಮ್ಮು ಕಟ್ಟಿಕೊಂಡು ಬರುವ ರೋಗಿಯ ಕೇಸ್ ಶೀಟಿನ ಮೂಲೆಯಲ್ಲಿ ನಾವು ಮೂರು ತಾರೀಕಿಗೆ ಜಾಗ ಬಿಡುತ್ತೇವೆ. ಜ್ವರ ಶುರುವಾದದ್ದು ಯಾವತ್ತು, ಆಕ್ಸಿಜನ್ ಬೇಕಾದದ್ದು ಯಾವತ್ತು, ಸ್ಟೀರಾಯ್ಡಿನ ಮೊದಲ ಡೋಸ್ ಮೈಗೆ ಹೋದದ್ದು ಯಾವತ್ತು. ಐಸಿಯುವಿನಲ್ಲಿ ಮುಂದಿನ ಎರಡು ವಾರ ನಡೆಯುವ ಲೆಕ್ಕಾಚಾರ, ವಾದ, ತಪ್ಪು, ತಿದ್ದುಪಡಿ ಎಲ್ಲ ಹೆಚ್ಚುಕಡಿಮೆ ಈ ಮೂರರ ಸುತ್ತವೇ.

ಮೊದಲನೆಯ ತಾರೀಕು ಕೇಳಿದ ಕೂಡಲೇ ಸಿಗುವುದಿಲ್ಲ. "ಜ್ವರ ಬಂದು ಎಷ್ಟು ದಿನ ಆಯ್ತು?" ಎಂದರೆ "ಮೂರು ದಿನ ಸಿಸ್ಟರ್" ಎನ್ನುತ್ತಾರೆ. ಅದು ಡಾಕ್ಟರ ಹತ್ತಿರ ಹೋದಲ್ಲಿಂದ ಹಿಡಿದ ಲೆಕ್ಕ. ಅದಕ್ಕೂ ಮೊದಲು ಮೈಕೈ ನೋವು, ಗಂಟಲು ಕೆರೆತ ಇದ್ದರೂ ಒಂದು ಪ್ಯಾರಾಸಿಟಮಾಲ್ ನುಂಗಿ ಗದ್ದೆಗೋ ತೋಟಕ್ಕೋ ಇಳಿದ ದಿನಗಳು ಅದರಲ್ಲಿ ಸೇರಿರುವುದಿಲ್ಲ. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: "ಆಟಿ ಅಮಾವಾಸ್ಯೆಗೆ ಕಷಾಯ ಕುಡಿದಿರಲ್ಲ ಅಮ್ಮ, ಅವತ್ತು ಮೈ ಸರಿ ಇತ್ತಾ?" ಆಗ ಪಕ್ಕದಲ್ಲಿ ನಿಂತ ಸೊಸೆ ಬಾಯಿ ಬಿಡುತ್ತಾಳೆ: "ಇಲ್ಲ ಇಲ್ಲ, ಅವತ್ತೇ ಇವರಿಗೆ ಚಳಿ ಇತ್ತು, ಕಷಾಯದ ಮೇಲೆ ಮೆಂತೆ ಗಂಜಿ ಸಹ ಉಣ್ಣಲಿಲ್ಲ." ಮೂರು ದಿನ ಎಂಟಾಗುತ್ತದೆ. ಇದು ದಾಖಲೆಯ ಶಿಸ್ತಿಗಾಗಿ ಮಾಡುವ ಕೆಲಸ ಅಂದುಕೊಳ್ಳಬೇಡಿ. ಫ್ಲೂ ಆದರೆ ಸಾಮಾನ್ಯವಾಗಿ ನಾಲ್ಕೈದನೇ ದಿನಕ್ಕೆ ಉಸಿರು ಕೆಡುತ್ತದೆ, ಕೋವಿಡ್ ಆದರೆ ಏಳರಿಂದ ಹತ್ತನೇ ದಿನದೊಳಗೆ. ಮೂರನೇ ದಿನದ ರೋಗಿಯ ಒಳಗೆ ವೈರಸ್ಸೇ ಜೋರಾಗಿರುತ್ತದೆ. ಎಂಟನೇ ದಿನದವನಲ್ಲಿ ವೈರಸ್ ಇಳಿಯುತ್ತಾ ಬಂದು, ಅದನ್ನು ಹೊಡೆಯಲು ಹೊರಟ ಮೈಯ ಉರಿಯೂತವೇ ಶ್ವಾಸಕೋಶವನ್ನು ಸುಡುತ್ತಿರುತ್ತದೆ. ಎಕ್ಸ್‌ರೇಯಲ್ಲಿ ಇಬ್ಬರದ್ದೂ ಒಂದೇ ಬಿಳಿ. ಸ್ಟೀರಾಯ್ಡ್ ತಟ್ಟುವುದು ಉರಿಯೂತಕ್ಕೆ. ವೈರಸ್ ಜೋರಿರುವಾಗ ಕೊಟ್ಟರೆ ಅದು ವೈರಸ್ಸಿಗೆ ಬಾಗಿಲು ತೆರೆದಿಟ್ಟ ಹಾಗೆ.

ಮೂರನೆಯ ತಾರೀಕು ಸಿಗುವುದು ರೋಗಿಯ ಪ್ಲಾಸ್ಟಿಕ್ ಚೀಲದಲ್ಲಿ. ಆಸ್ಪತ್ರೆಗೆ ಬರುವಾಗ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ತನ್ನಿ ಎಂದು ನಾವು ಹಟ ಹಿಡಿಯುವುದು ಇದಕ್ಕೇ. ಡೆಕ್ಸಾಮೆಥಸೋನ್‌ನ ಅರ್ಧ ಮಿಲಿಗ್ರಾಂ ಮಾತ್ರೆ ಬಹಳ ಸಣ್ಣದು, ಅಗ್ಗ. ಬಿಡಿಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟರೆ ಅದು ಏನೆಂದು ಯಾರಿಗೂ ತಿಳಿಯುವುದಿಲ್ಲ. ಸ್ಟ್ರಿಪ್ ಇದ್ದರೆ ಹಿಂದೆ ಪ್ರೆಡ್ನಿಸೋಲೋನ್, ಮೀಥೈಲ್‌ಪ್ರೆಡ್ನಿಸೋಲೋನ್, ಡೆಫ್ಲಾಜಕಾರ್ಟ್, ಬೀಟಾಮೆಥಸೋನ್ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಇವೆಲ್ಲ ಸ್ಟೀರಾಯ್ಡೇ. ಅದನ್ನು ತಿಂದ ಮರುದಿನ ಜ್ವರ ಬಿಡುತ್ತದೆ, ಗಂಜಿ ಸೇರುತ್ತದೆ, "ಆ ಮಾತ್ರೆ ಒಳ್ಳೇದಾಯ್ತು" ಎಂದು ಇನ್ನೆರಡು ದಿನಕ್ಕೆ ತರಿಸಿಕೊಳ್ಳುತ್ತಾರೆ. ಜ್ವರ ಬಿಟ್ಟದ್ದು ಕಾಯಿಲೆ ಬಿಟ್ಟು ಅಲ್ಲ, ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದ್ದಕ್ಕೆ. ಎರಡನೇ ದಿನಕ್ಕೇ ಸ್ಟೀರಾಯ್ಡ್ ಶುರುವಾಗಿ ಎಂಟನೇ ದಿನಕ್ಕೆ ಬಂದ ರೋಗಿಯ ಸಕ್ಕರೆ ಆಗಲೇ 380ರಲ್ಲಿ ನಿಂತಿರುವುದು ನಮಗೆ ಹೊಸತಲ್ಲ.

ಎರಡನೆಯ ತಾರೀಕನ್ನು ಅಳೆದು ಬರೆಯಬೇಕು. ಬೆರಳಿನ ಆಕ್ಸಿಮೀಟರ್ ಹಾಕುವ ಮೊದಲು ಕೈ ಉಜ್ಜಿ ಬಿಸಿ ಮಾಡಿ. ಮಳೆಯಲ್ಲಿ ನೆನೆದು ಬಂದವರ ತಣ್ಣಗಿನ ಬೆರಳಿನಲ್ಲಿ 84 ತೋರಿಸಿದ್ದು ಐದು ನಿಮಿಷಕ್ಕೆ 93 ಆಗುವುದುಂಟು. ಉಗುರುಬಣ್ಣ ಇದ್ದರೆ ತೆಗೆಯಬೇಕು ಅಥವಾ ಬೇರೆ ಬೆರಳು ನೋಡಬೇಕು. ಅಂಕಿ ಹತ್ತು ಹದಿನೈದು ಸೆಕೆಂಡು ಒಂದೇ ಕಡೆ ನಿಂತ ಮೇಲೆಯೇ ಬರೆಯುವುದು. ಆಂಬುಲೆನ್ಸಿನ ಆಕ್ಸಿಜನ್ ತೆಗೆದು ನೋಡದೆ ಬರೆದ 97ಕ್ಕೆ ಅರ್ಥವಿಲ್ಲ, ತೆಗೆಯಲಾಗದಿದ್ದರೆ ಎಷ್ಟು ಲೀಟರಿನಲ್ಲಿ 97 ಎಂದಾದರೂ ಬರೆಯಬೇಕು. ಉಸಿರನ್ನು ಪೂರಾ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿಯಲ್ಲಿ 24 ಮತ್ತು 32ರ ನಡುವಿನ ವ್ಯತ್ಯಾಸ ಕಳೆದುಹೋಗುತ್ತದೆ. 30 ದಾಟಿದರೆ, ಅಥವಾ ಬರೀ ಗಾಳಿಯಲ್ಲಿ ಆಕ್ಸಿಜನ್ 90ಕ್ಕಿಂತ ಕೆಳಗಿದ್ದರೆ ಅದು ತೀವ್ರ ನ್ಯುಮೋನಿಯಾ. ಕೆಲವರು 82ರಲ್ಲೂ ಮೊಬೈಲಿನಲ್ಲಿ ಮಾತಾಡುತ್ತಾ ಕೂತಿರುತ್ತಾರೆ. ಮುಖ ನೋಡಿ ನಂಬಬಾರದು.

ಮೂಗು ಮತ್ತು ಗಂಟಲಿನ ಸ್ವಾಬ್ ತೆಗೆದು ಆರ್‌ಟಿ-ಪಿಸಿಆರ್‌ಗೆ ಕಳಿಸುತ್ತೇವೆ. ವರದಿಗೆ ಕಾಯದೆ ಫ್ಲೂ ವೈರಸ್ಸಿನ ಔಷಧಿ ಒಸೆಲ್ಟಾಮಿವಿರ್ 75 ಮಿ.ಗ್ರಾಂ ದಿನಕ್ಕೆ ಎರಡು ಬಾರಿ, ಐದು ದಿನದ ಲೆಕ್ಕದಲ್ಲಿ ಶುರು. ಮೂತ್ರಪಿಂಡ ಕೆಟ್ಟಿದ್ದರೆ ಡೋಸ್ ಇಳಿಸಬೇಕು. ಫ್ಲೂ ಅಲ್ಲವೆಂದು ವರದಿ ಬಂದರೆ ನಿಲ್ಲಿಸಬಹುದು. ಆದರೆ ವೆಂಟಿಲೇಟರಿನಲ್ಲಿ ಇರುವವರ ಗಂಟಲಿನ ಸ್ವಾಬ್ ನೆಗೆಟಿವ್ ಬಂದು, ಶ್ವಾಸನಾಳದಿಂದ ಎಳೆದ ಕಫದಲ್ಲಿ ಪಾಸಿಟಿವ್ ಬರುವುದಿದೆ. ಆ ಎರಡನೇ ಸ್ಯಾಂಪಲ್ ಕಳಿಸುವ ತನಕ ಮಾತ್ರೆ ನಿಲ್ಲಿಸುವುದಿಲ್ಲ.

ಇಲ್ಲಿ ನಮ್ಮ ಕರಾವಳಿಯ ಒಂದು ತಕರಾರು ಉಂಟು. ಬೇರೆ ಊರಿನ ಪುಸ್ತಕದಲ್ಲಿ "ವೈರಲ್ ನ್ಯುಮೋನಿಯಾದಂತೆ ಕಾಣುವ ಇತರ ರೋಗಗಳು" ಎಂದು ಅಡಿಟಿಪ್ಪಣಿಯಲ್ಲಿ ಬರುವಂಥವು ನಮ್ಮಲ್ಲಿ ಪಕ್ಕದ ಬೆಡ್ಡಿನಲ್ಲೇ ಮಲಗಿರುತ್ತವೆ. ಗದ್ದೆ, ಅಡಿಕೆ ತೋಟದ ನೀರಿನಲ್ಲಿ ಕಾಲಿಟ್ಟವರಿಗೆ ಇಲಿಜ್ವರ: ಮೀನಖಂಡ ಮುಟ್ಟಿದರೆ ಕಿರುಚುತ್ತಾರೆ, ಕಣ್ಣು ಕೆಂಪು, ಪ್ಲೇಟ್‌ಲೆಟ್ ಕಡಿಮೆ, ಮೂತ್ರಪಿಂಡ ಸೋತದ್ದನ್ನು ತೋರಿಸುವ ಕ್ರಿಯಾಟಿನಿನ್ ಜಾಸ್ತಿ, ಶ್ವಾಸಕೋಶದೊಳಗೆ ರಕ್ತ ಒಸರಿ ಎಕ್ಸ್‌ರೇ ಬಿಳಿ. ಪೊದೆಯ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್: ಕಂಕುಳು, ತೊಡೆಸಂದು, ಸ್ತನದ ಅಡಿಯಲ್ಲಿ ಬೀಡಿ ತಾಗಿಸಿದ ಹಾಗೆ ಒಂದು ಕಪ್ಪು ಹಕ್ಕಳೆ. ಬಟ್ಟೆ ಸರಿಸಿ ಹುಡುಕದಿದ್ದರೆ ಸಿಗುವುದೇ ಇಲ್ಲ. ಎರಡಕ್ಕೂ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಬಾರಿ ಕೊಟ್ಟು ಹೊರಡುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಹೆದರಬೇಕಾದದ್ದು ಮೂರನೆಯದಕ್ಕೆ, ಮೆಲಿಯೋಯ್ಡೋಸಿಸ್‌ಗೆ. ಮಣ್ಣು ಮತ್ತು ಕೆಸರುನೀರಿನ ಬ್ಯಾಕ್ಟೀರಿಯಾ. ಮಳೆ ಜೋರಾದ ಮೇಲೆ ಸಕ್ಕರೆ ಕಾಯಿಲೆಯವರನ್ನೇ ಹುಡುಕಿಕೊಂಡು ಬಂದ ಹಾಗೆ ಬರುತ್ತದೆ. ಮಾಮೂಲಿ ಸೆಫ್ಟ್ರಿಯಾಕ್ಸೋನ್ ಅದಕ್ಕೆ ಸಾಲದು, ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಬೇಕು. ಅದನ್ನು ವೈರಲ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಎರಡು ದಿನದಲ್ಲಿ ಕೈಮೀರುತ್ತದೆ. ಅದಕ್ಕಾಗಿ ಆಂಟಿಬಯೋಟಿಕ್‌ಗೆ ಮೊದಲೇ ಎರಡು ಕೈಯಿಂದ ಎರಡು ಬಾಟಲಿ ಬ್ಲಡ್ ಕಲ್ಚರ್. ಬಾಟಲಿಯೊಂದಕ್ಕೆ 8ರಿಂದ 10 ಮಿ.ಲೀ. ರಕ್ತ. ಮೂರು ಮಿ.ಲೀ. ಹಾಕಿ ಕಳಿಸಿ "ಏನೂ ಬೆಳೆಯಲಿಲ್ಲ" ಎಂದು ಸಮಾಧಾನಪಟ್ಟುಕೊಳ್ಳುವುದು ನಮ್ಮ ಹಳೆಯ ರೋಗ.

ಇಷ್ಟಾದ ಮೇಲೆ ಸ್ಟೀರಾಯ್ಡಿನ ಪ್ರಶ್ನೆ. ಮನೆಯವರು ಕಾರಿಡಾರಿನಲ್ಲಿ ಕೇಳುತ್ತಾರೆ, "ಡಾಕ್ಟ್ರೇ, ಅವರಿಗೆ ಕೊಟ್ರಿ, ನಮ್ಮವರಿಗೆ ಯಾಕೆ ಕೊಡಲಿಲ್ಲ?" ಕೇಳುವುದು ಸರಿಯೇ. ಯಾವ ವೈರಸ್ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಕೋವಿಡ್ ಆದರೆ ಉತ್ತರ ಗಟ್ಟಿ ಇದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಿಂದ ಬಂದದ್ದು: ಡೆಕ್ಸಾಮೆಥಸೋನ್ 6 ಮಿ.ಗ್ರಾಂ, ದಿನಕ್ಕೆ ಒಂದು ಸಲ, ಹೆಚ್ಚೆಂದರೆ 10 ದಿನ. ವೆಂಟಿಲೇಟರಿನಲ್ಲಿದ್ದವರಲ್ಲಿ 28 ದಿನದೊಳಗಿನ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಬರೀ ಆಕ್ಸಿಜನ್‌ನಲ್ಲಿದ್ದವರಲ್ಲಿ ಶೇ. 26.2ರಿಂದ 23.3ಕ್ಕೆ. ಆಕ್ಸಿಜನ್ ಬೇಡದವರಲ್ಲಿ ಲಾಭ ಕಾಣಲಿಲ್ಲ. ಅಲ್ಲಿ ಶೇ. 14.0 ಇದ್ದದ್ದು ಸ್ಟೀರಾಯ್ಡ್ ಪಡೆದವರಲ್ಲಿ 17.8. ಈ ಕೊನೆಯ ಸಾಲನ್ನು 2021ರ ಎರಡನೇ ಅಲೆಯಲ್ಲಿ ಯಾರೂ ಓದಲಿಲ್ಲ ಎನ್ನಬೇಕು. ಔಷಧಿಯ ಹೆಸರು ಮಾತ್ರ ಊರೂರಿಗೆ ಹರಡಿತು.

ಫ್ಲೂ ಆದರೆ, ಅಂದರೆ ಎಚ್‌1ಎನ್‌1 ಅಥವಾ ಅದರ ಸೋದರರು, ನ್ಯುಮೋನಿಯಾ ಇದೆ ಎಂಬ ಒಂದೇ ಕಾರಣಕ್ಕೆ ನಾವು ಸ್ಟೀರಾಯ್ಡ್ ಕೊಡುವುದಿಲ್ಲ. 2009ರ ಪಿಡುಗಿನ ನಂತರ ಒಟ್ಟುಹಾಕಿದ ಮಾಹಿತಿಯಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಸಾವು, ಎರಡನೇ ಸೋಂಕು ಎರಡೂ ಹೆಚ್ಚು ಕಂಡವು. ಹೆಚ್ಚು ಸೀರಿಯಸ್ ಆದವರಿಗೇ ಸ್ಟೀರಾಯ್ಡ್ ಕೊಟ್ಟದ್ದರಿಂದ ಹಾಗೆ ಕಂಡಿರಬಹುದು ಎಂಬ ವಾದಕ್ಕೂ ತೂಕವಿದೆ. ಆದರೂ ಲಾಭ ಸಾಬೀತಾಗದ ಕಡೆ ಅಪಾಯ ತೆಗೆದುಕೊಳ್ಳುವ ಅಗತ್ಯವಿಲ್ಲ. 2023ರಲ್ಲಿ ಫ್ರಾನ್ಸಿನ ಪ್ರಯೋಗವೊಂದು ತೀವ್ರ ನ್ಯುಮೋನಿಯಾದಲ್ಲಿ ದಿನಕ್ಕೆ 200 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್‌ನಿಂದ ಸಾವು ಶೇ. 11.9ರಿಂದ 6.2ಕ್ಕೆ ಇಳಿಯಿತೆಂದು ತೋರಿಸಿದಾಗ ಎಲ್ಲರೂ ಅದರ ಹಿಂದೆ ಬಿದ್ದರು. ಅದರಲ್ಲಿ ಫ್ಲೂ ರೋಗಿಗಳನ್ನು ಸೇರಿಸಿಕೊಂಡೇ ಇರಲಿಲ್ಲ. ಫ್ಲೂ ಇದ್ದೂ ಸ್ಟೀರಾಯ್ಡ್ ಕೊಡಲು ಬೇರೆ ಕಾರಣಗಳು ಬೇಕು: ಅಸ್ತಮಾ ಕೆರಳಿದ್ದರೆ, ಸಿಒಪಿಡಿ ಎಂಬ ಹಳೆಯ ಶ್ವಾಸಕೋಶದ ಕಾಯಿಲೆ ಉಲ್ಬಣಿಸಿದ್ದರೆ ಪ್ರೆಡ್ನಿಸೋಲೋನ್ 40 ಮಿ.ಗ್ರಾಂ ಐದು ದಿನ. ಬಿದ್ದ ರಕ್ತದೊತ್ತಡ, ಅದನ್ನು ಎತ್ತಿಹಿಡಿಯುವ ನಾರ್‌ಎಡ್ರಿನಲಿನ್ ಏರಿಸಿದರೂ ನಿಲ್ಲದಿದ್ದರೆ ಹೈಡ್ರೊಕಾರ್ಟಿಸೋನ್ ಆರು ಗಂಟೆಗೊಮ್ಮೆ 50 ಮಿ.ಗ್ರಾಂ. ಮೊದಲೇ ಬೇರೆ ಕಾಯಿಲೆಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿನ್ನುತ್ತಿದ್ದವರಿಗೆ ನಿಲ್ಲಿಸಲೇಬಾರದು.

ಕೊಡುವುದೆಂದು ಆದರೆ ಮೊದಲು ಪರಿವರ್ತನೆಯ ಲೆಕ್ಕ ತಲೆಯಲ್ಲಿರಲಿ. ಡೆಕ್ಸಾ 6 ಮಿ.ಗ್ರಾಂ ಅಂದರೆ ಸುಮಾರು ಪ್ರೆಡ್ನಿಸೋಲೋನ್ 40, ಮೀಥೈಲ್‌ಪ್ರೆಡ್ನಿಸೋಲೋನ್ 32, ಹೈಡ್ರೊಕಾರ್ಟಿಸೋನ್ 160. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ ಹೆಸರು ಬದಲಾಗಿ ಅಂಕಿ ಹಾಗೇ ಉಳಿದದ್ದು ಎಷ್ಟೋ ಸಲ. "ಡೆಕ್ಸಾ 40" ಎಂದು ಬರೆದ ಚೀಟಿಯನ್ನು ಯಾರಾದರೂ ಹಾಗೇ ಪಾಲಿಸಿದರೆ ಸುಮಾರು ಏಳು ಪಟ್ಟು ಡೋಸ್ ಆಗುತ್ತದೆ. ವಯಲ್ಲಿನಲ್ಲಿ 2 ಮಿ.ಲೀ.ಗೆ 8 ಮಿ.ಗ್ರಾಂ ಇರುತ್ತದೆ, 6 ಮಿ.ಗ್ರಾಂ ಎಂದರೆ ಒಂದೂವರೆ ಮಿ.ಲೀ. ಸಲೈನಿನಲ್ಲಿ ಬೆರೆಸಿ ನಿಧಾನಕ್ಕೆ ಕೊಡಬೇಕು. ಸರ್ರನೆ ತಳ್ಳಿದರೆ ಜನನಾಂಗದ ಸುತ್ತ ಉರಿ, ತುರಿಕೆ ಹತ್ತಿ ರೋಗಿ ಬೆಡ್ಡಿನಲ್ಲಿ ಎದ್ದು ಕೂರುತ್ತಾನೆ, ಹೇಳಿಕೊಳ್ಳಲು ನಾಚುತ್ತಾನೆ. ಸಮಯ ಬೆಳಿಗ್ಗೆ ಎಂಟು. ರಾತ್ರಿ ಪಾಳಿಗೆ ಬಿಟ್ಟರೆ ನಿದ್ದೆ ಹೋಯಿತು. ನಿದ್ದೆ ಹೋದ ಅಜ್ಜಂದಿರು ಎರಡು ಗಂಟೆಗೆ ಮಾಸ್ಕ್ ಕಿತ್ತುಹಾಕಿ "ಹಟ್ಟಿಗೆ ಹೋಗಲಿಕ್ಕುಂಟು, ದನ ಕೂಗ್ತಾ ಉಂಟು" ಎಂದು ಇಳಿಯಲು ನೋಡುತ್ತಾರೆ.

ಸಕ್ಕರೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ತಪ್ಪುವುದು ಇಲ್ಲೇ. ಬೆಳಿಗ್ಗೆ ಎಂಟಕ್ಕೆ ಸ್ಟೀರಾಯ್ಡ್ ಕೊಟ್ಟರೆ ಸಕ್ಕರೆ ಏರುವುದು ಮಧ್ಯಾಹ್ನದ ಊಟದಿಂದ ರಾತ್ರಿ ಊಟದವರೆಗೆ. ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ 118 ಬಂದು, "ಡಯಾಬಿಟಿಸ್ ಇಲ್ಲ" ಎಂದು ಚಾರ್ಟಿನಲ್ಲಿ ಬರೆದು, ಸಂಜೆ ಐದಕ್ಕೆ ಯಾರೂ ಚುಚ್ಚಿ ನೋಡದೆ ಇದ್ದರೆ ಆ ಹೊತ್ತಿನ 340 ಯಾರ ಕಣ್ಣಿಗೂ ಬೀಳುವುದಿಲ್ಲ. ಊಟಕ್ಕೆ ಮೊದಲು ಮೂರು ಹೊತ್ತು, ರಾತ್ರಿ ಹತ್ತಕ್ಕೊಮ್ಮೆ, ಹೀಗೆ ನಾಲ್ಕು ಸಲ ನೋಡುವುದು ಕನಿಷ್ಠ. ಗುರಿ 140ರಿಂದ 180. ಬೆಳಗಿನ ಪ್ರೆಡ್ನಿಸೋಲೋನ್ ಜೊತೆಗೇ ಮಧ್ಯಮಾವಧಿಯ ಎನ್‌ಪಿಎಚ್ ಇನ್ಸುಲಿನ್ ಕೊಟ್ಟರೆ ಎರಡರ ಏರಿಳಿತ ಚೆನ್ನಾಗಿ ಹೊಂದುತ್ತದೆ: 10 ಮಿ.ಗ್ರಾಂ ಪ್ರೆಡ್ನಿಸೋಲೋನ್‌ಗೆ ಕೆ.ಜಿ. ತೂಕಕ್ಕೆ 0.1 ಯುನಿಟ್, ಹೆಚ್ಚೆಂದರೆ 0.4. ಡೆಕ್ಸಾದ ಪರಿಣಾಮ ಒಂದೂವರೆ ದಿನಕ್ಕೂ ಮಿಕ್ಕಿ ಇರುವುದರಿಂದ ರಾತ್ರಿಯ ಸಕ್ಕರೆಯೂ ಇಳಿಯುವುದಿಲ್ಲ, ಅದಕ್ಕೆ ದೀರ್ಘಾವಧಿಯ ಇನ್ಸುಲಿನ್ ಬೇಕಾಗುತ್ತದೆ. ಸ್ಟೀರಾಯ್ಡ್ ಇಳಿಸಿದ ದಿನ ಇನ್ಸುಲಿನ್ನೂ ಇಳಿಯಬೇಕು. ಇದನ್ನು ಮರೆತರೆ ಬೆಳಗಿನ ಜಾವ ಸಕ್ಕರೆ 48. ಇನ್ನು ಮನೆಯವರ ಪ್ರೀತಿ: ಫ್ಲಾಸ್ಕಿನಲ್ಲಿ ರಾಗಿ ಮಣ್ಣಿ, ಬೊಂಡದ ನೀರು, ಗ್ಲುಕೋಸ್ ಪುಡಿ. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕುಚ್ಚಲಕ್ಕಿ ಗಂಜಿ ಒಂದು ಲೋಟ, ಜೊತೆಗೆ ಮೊಟ್ಟೆಯ ಬಿಳಿಯೋ ಬೇಯಿಸಿದ ಮೀನೋ ಹೆಸರುಕಾಳೋ ಎಂದು ಅಳತೆ ಹೇಳಿದರೆ ಕೇಳುತ್ತಾರೆ.

ಸ್ಟೀರಾಯ್ಡ್, ಏರಿದ ಸಕ್ಕರೆ, ಎರಡೂ ಸೇರಿದಲ್ಲಿಗೆ ಶಿಲೀಂಧ್ರ ಬರುತ್ತದೆ. ಬಾಯೊಳಗೆ ಮೊಸರು ಮೆತ್ತಿದ ಹಾಗಿನ ಬಿಳಿಪೊರೆ ಸಣ್ಣ ವಿಷಯ. ಮುಖದ ಒಂದೇ ಬದಿ ಊದುವುದು, ಒಂದೇ ಕಣ್ಣಿನ ಹಿಂದೆ ನೋವು, ಎರಡೆರಡು ಕಾಣುವುದು, ಮೇಲ್ದವಡೆಯ ಹಲ್ಲು ಅಲುಗಾಡುವುದು, ಮೂಗಿನಿಂದ ಕಪ್ಪು ಸಿಂಬಳ ಬರುವುದು ಮ್ಯೂಕರ್, ಅಂದರೆ ಕಪ್ಪು ಶಿಲೀಂಧ್ರ. ಅದಕ್ಕೆ ಮರುದಿನದ ರೌಂಡ್ಸ್ ತನಕ ಕಾಯಬಾರದು, ಅದೇ ರಾತ್ರಿ ಕಿವಿ-ಮೂಗು-ಗಂಟಲಿನವರನ್ನು ಕರೆಯಬೇಕು. ಫ್ಲೂ ರೋಗಿಗಳಲ್ಲಿ ಶ್ವಾಸನಾಳಕ್ಕೇ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಹತ್ತುವುದು ಇನ್ನೊಂದು, ಅದು ಮೊದಲ ವಾರದಲ್ಲೇ ಬರಬಹುದು. ಬರಿಗಾಲಲ್ಲಿ ಮಣ್ಣಿನಲ್ಲಿ ದುಡಿಯುವವರ ಕರುಳಲ್ಲಿ ಸ್ಟ್ರಾಂಜಿಲಾಯ್ಡಿಸ್ ಹುಳ ವರ್ಷಗಟ್ಟಲೆ ಸುಮ್ಮನೆ ಇದ್ದು, ಸ್ಟೀರಾಯ್ಡ್ ಬಿದ್ದೊಡನೆ ಮೈಯೆಲ್ಲ ಹರಡಬಲ್ಲದು. ಅನುಮಾನವಿದ್ದಲ್ಲಿ ಐವರ್‌ಮೆಕ್ಟಿನ್ ಕೆ.ಜಿ.ಗೆ 200 ಮೈಕ್ರೋಗ್ರಾಂ, 60 ಕೆ.ಜಿ.ಯವರಿಗೆ 12 ಮಿ.ಗ್ರಾಂ. ಐವರ್‌ಮೆಕ್ಟಿನ್‌ಗೆ ಇಲ್ಲಿರುವ ಕೆಲಸ ಇಷ್ಟೇ, ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಆಕ್ಸಿಜನ್ನಿನ ಮೆಟ್ಟಿಲುಗಳನ್ನು ಬೇಗ ಹತ್ತುತ್ತೇನೆ. ಮೂಗಿನ ಪ್ರಾಂಗ್ಸ್ 5 ಲೀಟರ್ ತನಕ, ಮಾಮೂಲಿ ಮಾಸ್ಕ್ 6ರಿಂದ 10, ಚೀಲದ ಮಾಸ್ಕ್ 10ರಿಂದ 15. ಉಸಿರೆಳೆದಾಗ ಆ ಚೀಲ ಪೂರ್ತಿ ಮುದುಡಿದರೆ ಲೀಟರ್ ಸಾಲದು ಎಂದರ್ಥ. ನಂತರ ಹೈಫ್ಲೋ, ಅಂದರೆ ಮೂಗಿಗೆ ಆಕ್ಸಿಜನ್ ಜೋರಾಗಿ ಹರಿಸುವ ಯಂತ್ರ, ನಿಮಿಷಕ್ಕೆ 60 ಲೀಟರ್ ತನಕ. ಹೈಫ್ಲೋದಲ್ಲಿ ರೋಗಿ ಆರಾಮವಾಗಿ ಕಾಣುವುದೇ ಮೋಸ. ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಜೋಡಿಸಬೇಕಾದ ಹೊತ್ತು ಮೀರಿಸಿಬಿಡುತ್ತೇವೆ. ಅದಕ್ಕೊಂದು ಸರಳ ಲೆಕ್ಕ ಇಟ್ಟುಕೊಂಡಿದ್ದೇವೆ, ರಾಕ್ಸ್ ಇಂಡೆಕ್ಸ್. ಸ್ಯಾಚುರೇಷನ್ 92, ಆಕ್ಸಿಜನ್ ಪ್ರಮಾಣ ಶೇ. 60 ಆದರೆ 92ನ್ನು 0.6ರಿಂದ ಭಾಗಿಸಿ, ಸುಮಾರು 153. ಉಸಿರು ನಿಮಿಷಕ್ಕೆ 30 ಇದ್ದರೆ 153ನ್ನು 30ರಿಂದ ಭಾಗಿಸಿ, 5.1. ಉಸಿರು 38ಕ್ಕೆ ಏರಿದ್ದರೆ 4.0. ಎರಡು, ಆರು, ಹನ್ನೆರಡನೇ ಗಂಟೆಯಲ್ಲಿ 4.88 ಅಥವಾ ಅದಕ್ಕೂ ಮೇಲೆ ಇದ್ದರೆ ಹೈಫ್ಲೋದಲ್ಲೇ ದಡ ಸೇರುವ ಸಾಧ್ಯತೆ ಹೆಚ್ಚು. ಕೆಳಗೆ ಜಾರುತ್ತಾ ಬಂದರೆ ರಾತ್ರಿ ಮೂರಕ್ಕೆ ಓಡುವ ಬದಲು ಸಂಜೆ ಆರಕ್ಕೇ ಟ್ಯೂಬ್ ಹಾಕುವುದು ಒಳ್ಳೆಯದು.

ವೆಂಟಿಲೇಟರಿನಲ್ಲಿ ಮೊದಲು ಬೇಕಾದ ಸಾಧನ ದರ್ಜಿಯ ಅಳತೆ ಟೇಪು. ಶ್ವಾಸಕೋಶದ ಗಾತ್ರ ಎತ್ತರದ ಮೇಲೆ ಹೋಗುತ್ತದೆ, ತೂಕದ ಮೇಲಲ್ಲ. ಎತ್ತರಕ್ಕೆ ತಕ್ಕ ತೂಕದ ಸೂತ್ರ, ಗಂಡಸಿಗೆ: ಸೆ.ಮೀ. ಲೆಕ್ಕದ ಎತ್ತರದಿಂದ 152.4 ಕಳೆದು, 0.91ರಿಂದ ಗುಣಿಸಿ, 50 ಕೂಡಿಸಬೇಕು. ಹೆಂಗಸಿಗೆ 50ರ ಬದಲು 45.5. 165 ಸೆ.ಮೀ. ಗಂಡಸಿಗೆ ಸುಮಾರು 61.5 ಕೆ.ಜಿ. ಬರುತ್ತದೆ. ಕೆ.ಜಿ.ಗೆ 6 ಮಿ.ಲೀ.ನಂತೆ ಒಂದು ಉಸಿರಿಗೆ 370 ಮಿ.ಲೀ. ಅವನ ತೂಕ 85 ಕೆ.ಜಿ. ಎಂದು ನೋಡಿ 510 ಇಟ್ಟರೆ, ಮೊದಲೇ ಅರ್ಧ ನೀರು ತುಂಬಿ ಕುಗ್ಗಿದ ಶ್ವಾಸಕೋಶದಲ್ಲಿ ಉಳಿದ ಒಳ್ಳೆಯ ಭಾಗ ಒಡೆಯುವಷ್ಟು ಊದುತ್ತದೆ. ಉಸಿರಿನ ಕೊನೆಯ ಪ್ಲಾಟೋ ಒತ್ತಡ 30 ಮೀರಬಾರದು.

ರಕ್ತದ ಆಕ್ಸಿಜನ್ನನ್ನು ಕೊಡುವ ಆಕ್ಸಿಜನ್ ಪ್ರಮಾಣದಿಂದ ಭಾಗಿಸಿದಾಗ 150ಕ್ಕಿಂತ ಕೆಳಗೆ ಬಂದರೆ ಬೋರಲು ಮಲಗಿಸುತ್ತೇವೆ, ಒಂದೊಂದು ಸಲಕ್ಕೆ ಕನಿಷ್ಠ 16 ಗಂಟೆ. ಐದು ಜನ ಬೇಕು. ತಲೆಯ ಕಡೆ ನಿಂತವರ ಕೈ ಟ್ಯೂಬ್ ಬಿಟ್ಟು ಅಲುಗಬಾರದು, ಎಣಿಸುವವರೂ ಅವರೇ. ಮೂಗಿನ ನಳಿಗೆಯ ಆಹಾರ ನಿಲ್ಲಿಸಿ ಹೊಟ್ಟೆ ಖಾಲಿ ಎಳೆಯುವುದು, ತುಟಿಯ ಹತ್ತಿರ ಟ್ಯೂಬ್ ಎಷ್ಟು ಸೆಂಟಿಮೀಟರಿನಲ್ಲಿದೆ ಎಂದು ಗಟ್ಟಿಯಾಗಿ ಓದಿ ಬರೆಯುವುದು, ಕಣ್ಣಿಗೆ ಮುಲಾಮು ಹಾಕಿ ಟೇಪ್, ಎದೆಯ ಇಸಿಜಿ ಅಂಟುಗಳನ್ನು ಬೆನ್ನಿಗೆ. ಮೊದಲು ಬೆಡ್ಡಿನ ಒಂದು ಅಂಚಿಗೆ ಎಳೆದು, ಆಮೇಲೆ ಬದಿಗೆ, ಆಮೇಲೆ ಬೋರಲು. ಒಂದೇ ಸಲಕ್ಕೆ ಮಗುಚಲು ಹೋದರೆ ಗಂಟಲ ಪಕ್ಕದ ಲೈನ್ ಕಿತ್ತು ಬರುತ್ತದೆ. ಎದೆ ಮತ್ತು ಸೊಂಟದ ಕೆಳಗೆ ದಿಂಬು, ಹೊಟ್ಟೆ ತೇಲಿರಬೇಕು. ಒಂದು ಕೈ ಮೇಲೆ, ಒಂದು ಕೆಳಗೆ, ಮುಖ ಮೇಲಿನ ಕೈಯ ಕಡೆ, ಎರಡು ಗಂಟೆಗೊಮ್ಮೆ ಬದಲು. ತಿರುಗಿಸಿದ ಮೊದಲ ಐದು ನಿಮಿಷ ಸ್ಯಾಚುರೇಷನ್ ಇಳಿಯುವುದು ಸಾಮಾನ್ಯ. ಹೆದರಿ ವಾಪಸ್ ಮಗುಚುವ ಮೊದಲು ಟ್ಯೂಬ್ ಎಲ್ಲಿಯೋ ಮಡಚಿದೆಯಾ ನೋಡಬೇಕು. ಕೆನ್ನೆ, ಹಣೆ, ಗಲ್ಲದಲ್ಲಿ ಹುಣ್ಣಾಗುತ್ತದೆ. ಬದುಕಿ ಮನೆಗೆ ಹೋದವರ ಕೆನ್ನೆಯ ಆ ಕಲೆಯನ್ನು ನಾವು ಒಪಿಡಿಯಲ್ಲಿ ದೂರದಿಂದಲೇ ಗುರುತಿಸುತ್ತೇವೆ. ವೆಂಟಿಲೇಟರ್ ಇಲ್ಲದ, ಎಚ್ಚರ ಇರುವ ರೋಗಿ ತಾನೇ ಬೋರಲು ಮಲಗಿದರೂ ಪ್ರಯೋಜನವಿದೆ, ಅದಕ್ಕೆ ದಿಂಬು ಮತ್ತು ಸಹನೆ ಸಾಕು.

ಐದನೇ ದಿನದ ನಂತರ ಹಠಾತ್ತಾಗಿ ಕೆಟ್ಟರೆ ಎಲ್ಲವನ್ನೂ ವೈರಸ್ಸಿನ ತಲೆಗೆ ಕಟ್ಟಬಾರದು. ಕುತ್ತಿಗೆ, ಕಾಲರ್ ಎಲುಬಿನ ಮೇಲೆ ಬೆರಳೊತ್ತಿದಾಗ ಚರ್ಮದ ಕೆಳಗೆ ಚರುಮುರಿ ಪೊಟ್ಟಣ ಒತ್ತಿದ ಹಾಗೆ ಚುರುಚುರು ಎಂದರೆ ಶ್ವಾಸಕೋಶದಿಂದ ಗಾಳಿ ಸೋರಿದೆ. ಎದೆಯ ಒಂದು ಬದಿ ಉಸಿರಿನ ಸದ್ದೇ ಇಲ್ಲದೆ ರಕ್ತದೊತ್ತಡ ಬೀಳುತ್ತಿದ್ದರೆ ಎಕ್ಸ್‌ರೇಗೆ ಕಾಯದೆ ಗಾಳಿ ಹೊರಗೆ ಬಿಡಬೇಕು. ಎದೆಗೆ ನಳಿಗೆ ಹಾಕಿದ ಮೇಲೆ ನೀರಿನ ಬಾಟಲಿ ಎದೆಯ ಮಟ್ಟಕ್ಕಿಂತ ಕೆಳಗೇ ಇರಲಿ. ಸ್ಕ್ಯಾನಿಗೆ ಒಯ್ಯುವಾಗ ಅದನ್ನು ರೋಗಿಯ ಹೊಟ್ಟೆಯ ಮೇಲೆ ಇಡುವುದು, ನಳಿಗೆಗೆ ಕ್ಲಾಂಪ್ ಹಾಕುವುದು, ಎರಡೂ ಅಪಾಯ. ಎಕ್ಸ್‌ರೇ ಬದಲಾಗದೆ ಸ್ಯಾಚುರೇಷನ್ ಕುಸಿದರೆ ರಕ್ತನಾಳದಲ್ಲಿ ಹೆಪ್ಪು ನೆನಪಾಗಲಿ. ಅದನ್ನು ತಡೆಯಲೆಂದೇ ಮೊದಲ ದಿನದಿಂದ ಎನಾಕ್ಸಪಾರಿನ್ 40 ಮಿ.ಗ್ರಾಂ ಹೊಟ್ಟೆಯ ಚರ್ಮದಡಿ. ಆದರೆ ಇಲಿಜ್ವರದ ಅನುಮಾನವಿದ್ದು ಪ್ಲೇಟ್‌ಲೆಟ್ ಬಿದ್ದಿದ್ದರೆ ಅದನ್ನು ತಡೆಹಿಡಿಯಬೇಕು. ಕಫ ಹಳದಿಯಾಗಿ ಗಟ್ಟಿಯಾದರೆ ಎರಡನೇ ಸೋಂಕು. ಸ್ಟೀರಾಯ್ಡಿನಲ್ಲಿರುವವರಿಗೆ ಆ ಸೋಂಕಿನಲ್ಲೂ ಜ್ವರ ಬರದಿರಬಹುದು, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಇಳಿದೇ ಇರಬಹುದು, ಬಿಳಿರಕ್ತಕಣ ಸ್ಟೀರಾಯ್ಡಿನಿಂದಲೇ ಏರಿರಬಹುದು. ನಂಬಬಹುದಾದ್ದು ಎರಡು: ನಿನ್ನೆಗಿಂತ ಇವತ್ತು ಆಕ್ಸಿಜನ್ ಹೆಚ್ಚು ಬೇಕಾಯಿತೇ, ಕಫದ ಬಣ್ಣ ಬದಲಾಯಿತೇ.

ಈಗ ನಿಲ್ಲಿಸುವ ವಿಷಯ. ಹತ್ತು ದಿನ ಡೆಕ್ಸಾ ಪಡೆದ ಕೋವಿಡ್ ರೋಗಿಗೆ ಇಳಿಸುತ್ತಾ ಹೋಗುವ ಅಗತ್ಯವಿಲ್ಲ. ಹತ್ತನೇ ದಿನ ಅಥವಾ ಮನೆಗೆ ಹೋಗುವ ದಿನ, ಯಾವುದು ಮೊದಲೋ ಅಂದಿಗೆ ನಿಲ್ಲಿಸಬಹುದು. ಮೂರು ವಾರದೊಳಗಿನ ಸ್ಟೀರಾಯ್ಡಿಗೆ ಸಾಮಾನ್ಯವಾಗಿ ಇದೇ ಮಾತು. "ಯಾವುದಕ್ಕೂ ಇರಲಿ" ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಇನ್ನೊಂದು ತಿಂಗಳಿಗೆ ಬರೆದದ್ದೇ ಹಲವರ ಸಕ್ಕರೆ, ತೊಡೆಯ ಬಲ, ಕಣ್ಣು ಕೆಡಿಸಿತು.

ಕೆಲವರಲ್ಲಿ ಮಾತ್ರ ಮೂರ್ನಾಲ್ಕು ವಾರದ ನಂತರವೂ ಮೆಟ್ಟಿಲು ಹತ್ತಿದರೆ 86ಕ್ಕೆ ಇಳಿಯುತ್ತದೆ, ಸಿ.ಟಿ.ಯಲ್ಲಿ ತೇಪೆತೇಪೆ ಬಿಳುಪು ಉಳಿದಿರುತ್ತದೆ. ಸೋಂಕಲ್ಲ, ವಾಸಿಯಾಗಲು ಹೋಗಿ ಅರ್ಧಕ್ಕೆ ನಿಂತ ಅಂಗಾಂಶ, ಆರ್ಗನೈಸಿಂಗ್ ನ್ಯುಮೋನಿಯಾ. ಇದಕ್ಕೆ ಪ್ರೆಡ್ನಿಸೋಲೋನ್ ಕೆಲಸ ಮಾಡುತ್ತದೆ. ಎಷ್ಟು ಎನ್ನುವುದಕ್ಕೆ ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯಲ್ಲಿ ಕೋವಿಡ್ ನಂತರದ ಇಂಥ ರೋಗಿಗಳ ಮೇಲೆ ಪ್ರಯೋಗವೇ ನಡೆದಿದೆ: 40 ಮಿ.ಗ್ರಾಂನಿಂದ ಶುರುಮಾಡಿದವರಿಗೂ 10 ಮಿ.ಗ್ರಾಂನವರಿಗೂ ಆರು ವಾರದ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ದೊಡ್ಡ ಡೋಸಿನ ಆಸೆ ಬೇಡ. ಶುರುಮಾಡುವ ಮೊದಲು ಕಫದಲ್ಲಿ ಕ್ಷಯ, ರಕ್ತದಲ್ಲಿ ಹೆಪಟೈಟಿಸ್ ಬಿ ನೋಡಿರಬೇಕು.

ಡೋಸ್ ಇಳಿಸುವ ಚೀಟಿ ಬರೆಯುವುದು ಒಂದು ಕಸುಬು. "ವಾರಕ್ಕೆ 5 ಮಿ.ಗ್ರಾಂ ಕಡಿಮೆ ಮಾಡಿ" ಎಂದು ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ಮೆಡಿಕಲ್‌ನಲ್ಲಿ 5, 10, 20 ಮಿ.ಗ್ರಾಂ ಮೂರೂ ಬಗೆ ಇರುತ್ತದೆ, 10ರ ಸ್ಟ್ರಿಪ್ ಮುಗಿದು 20ರದ್ದು ಕೊಟ್ಟರೆ "ಎರಡು ಮಾತ್ರೆ" ಎನ್ನುವುದು ದುಪ್ಪಟ್ಟಾಗುತ್ತದೆ. ನಾವು 5 ಮಿ.ಗ್ರಾಂ ಒಂದನ್ನೇ ಬರೆಯುತ್ತೇವೆ. ಮನೆಯ ಗೋಡೆಯಲ್ಲಿರುವ ಕ್ಯಾಲೆಂಡರ್ ತರಿಸಿ, ಪ್ರತಿ ದಿನದ ಚೌಕದಲ್ಲಿ ಮಾತ್ರೆಯ ಸಂಖ್ಯೆ ಬರೆದು ಕೊಡುತ್ತೇವೆ: ಈ ವಾರ 4, ಮುಂದಿನ ವಾರ 3. ನುಂಗಿದ ಮೇಲೆ ಪೆನ್ನಿನಲ್ಲಿ ಗೀಟು. ತಿಂಡಿ ತಿಂದ ಮೇಲೆ, ಬೆಳಿಗ್ಗೆಯೇ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಸುಮ್ಮನೆ ಕೂರಬಾರದು, ಇಂಜೆಕ್ಷನ್ ಬೇಕು. ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ಬಿಟ್ಟರೆ ಸುಸ್ತು, ವಾಂತಿ, ನಿಂತರೆ ಕಣ್ಣು ಕತ್ತಲೆ. ಮೈ ತಾನೇ ಮಾಡಬೇಕಾದ ಸ್ವಂತ ಸ್ಟೀರಾಯ್ಡ್, ಅಂದರೆ ಕಾರ್ಟಿಸಾಲ್, ಮಾಡುವುದನ್ನು ಮರೆತಿರುತ್ತದೆ. ಮಧ್ಯೆ ಬೇರೆ ಜ್ವರ ಬಂದರೆ ಡೋಸ್ ಇಳಿಸಬಾರದು, ಫೋನ್ ಮಾಡಿ ಕೇಳಿ ಏರಿಸಬೇಕಾಗುತ್ತದೆ. ನೆಲದಲ್ಲಿ ಕೂತು ಕೈ ಊರದೆ ಏಳಲಾಗುತ್ತದೆಯೇ ಎಂದು ವಾರಕ್ಕೊಮ್ಮೆ ನೋಡಿ. ಆಗದಿದ್ದರೆ ಅದು ಬರೀ ನಿಶ್ಶಕ್ತಿ ಅಲ್ಲದಿರಬಹುದು, ಸ್ಟೀರಾಯ್ಡ್ ತೊಡೆಯ ಸ್ನಾಯು ತಿಂದಿರುವ ಸಾಧ್ಯತೆ ಇದೆ.

ಮನೆಗೆ ಆಕ್ಸಿಜನ್ ಯಂತ್ರ ಒಯ್ಯುವವರಿಗೆ ಮಳೆಗಾಲದ ಕರೆಂಟೇ ಚಿಂತೆ. ಬಿ ಟೈಪ್ ಸಿಲಿಂಡರ್ ಒಂದು ಪಕ್ಕದಲ್ಲಿರಲಿ. ತುಂಬಿದ್ದರೆ ಸುಮಾರು 1500 ಲೀಟರ್, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ. ರೆಗ್ಯುಲೇಟರಿಗೆ ಎಣ್ಣೆ ಹಚ್ಚಬಾರದು, ಆ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಬೀಡಿ ಯಾವುದೂ ಕೂಡದು.

ಮಾತ್ರೆ ದಿನಕ್ಕೆ ಒಂದಕ್ಕೆ, ಅಂದರೆ 5 ಮಿ.ಗ್ರಾಂಗೆ ಬಂದ ಮೇಲೆ ಬೆಳಗಿನ ಕಾರ್ಟಿಸಾಲ್ ಪರೀಕ್ಷೆ. ಹಿಂದಿನ ದಿನ ಬೆಳಿಗ್ಗೆ ಮಾತ್ರೆ ತಿಂದಿರಬೇಕು, ಪರೀಕ್ಷೆಯ ದಿನ ರಕ್ತ ಕೊಟ್ಟ ನಂತರವೇ ತಿನ್ನಬೇಕು. ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದರೆ ಸಾಮಾನ್ಯವಾಗಿ ನಿಲ್ಲಿಸಬಹುದು, 5ಕ್ಕಿಂತ ಕಡಿಮೆ ಇದ್ದರೆ ಮುಂದುವರಿಸಿ ಕೆಲವು ವಾರ ಬಿಟ್ಟು ಮತ್ತೆ ನೋಡುವುದು. ರಕ್ತ ಎಂಟರಿಂದ ಒಂಬತ್ತರೊಳಗೆ ತೆಗೆಯಬೇಕು. ಹೆಬ್ರಿ, ಬೈಂದೂರು, ಸುಳ್ಯದ ಕಡೆಯವರು ಬೆಳಗಿನ ಬಸ್ಸು ಹಿಡಿದು ಹನ್ನೊಂದಕ್ಕೆ ಒಪಿಡಿ ತಲುಪಿ ಕೊಟ್ಟ ರಕ್ತದಲ್ಲಿ ಕಾರ್ಟಿಸಾಲ್ ತಾನಾಗಿಯೇ ಇಳಿದಿರುತ್ತದೆ, ಬೇಡದ ಮಾತ್ರೆ ಇನ್ನೊಂದು ತಿಂಗಳು ಮುಂದುವರಿಯುತ್ತದೆ. ಅವರು ಊರಿನ ಲ್ಯಾಬಿನಲ್ಲೇ ಎಂಟಕ್ಕೆ ರಕ್ತ ಕೊಟ್ಟು, ತೆಗೆದ ಗಂಟೆಯನ್ನು ಚೀಟಿಯಲ್ಲಿ ಬರೆಸಿಕೊಂಡು, ವರದಿ ಮತ್ತು ಕ್ಯಾಲೆಂಡರ್ ಎರಡನ್ನೂ ಹಿಡಿದುಕೊಂಡು ಬಂದರೆ ಸಾಕು.